ಗಿಡುಗನ ಕಥೆಯಲ್ಲಿ ಕಳ್ಳನಿಲ್ಲ

ಅಪ್ಪಾ,

ಆ ದಿನ ಲಿಫ್ಟಿನ ಮೆಷಿನ್ ರೂಮಿನಲ್ಲಿ ನೀನು ಬೋರ್ಡು ಹಾಕಲು ಮರೆತಿರಲಿಲ್ಲ. ನೀನು ಹಾಕಿಯೇ ಇದ್ದೆ. ಅದನ್ನು ತೆಗೆದವಳು ನಾನು.

ಆರು ವರ್ಷ ನುಂಗಿಕೊಂಡಿದ್ದ ಮಾತು ಇದು. ಎದುರಿಗೇ ಹೇಳೋಣವೆಂದು ಈ ವಾರ ಮೂರು ಸಲ ನಿನ್ನ ಕುರ್ಚಿಯ ಹತ್ತಿರ ಬಂದೆ. "ಏನೇ ಇದು, ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತಾ ಇದ್ದೀಯ?" ಎಂದು ನೀನು ಕೇಳಿದಾಗ, ಕತ್ತರಿ ಹುಡುಕುತ್ತಿದ್ದೇನೆ ಎಂದು ಹೇಳಿ ಜಾರಿಕೊಂಡೆ.

ಆಗಷ್ಟೇ ನಾನು ಶಾಲೆ ಬಿಟ್ಟಿದ್ದೆ. "ಮನೇಲಿ ಕೂತು ಗೀಚೋ ಬದಲು ಅಪ್ಪನ ಲಿಫ್ಟ್ ರಿಪೇರಿ ಕೆಲಸ ನೋಡ್ಕೊಂಡು ಬಾ" ಎಂದು ಅಮ್ಮ ನನ್ನನ್ನು ನಿನ್ನ ಮತ್ತು ಚಿಕ್ಕಪ್ಪನ ಜೊತೆ ಅಟ್ಟಿದ್ದಳು. ನೀನು ಮೇನ್ ಸ್ವಿಚ್ ಆರಿಸಿ, ಅದಕ್ಕೆ 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಎಂಬ ರಟ್ಟಿನ ಬೋರ್ಡು ತೂಗುಹಾಕಿ, ಎಣ್ಣೆ ಡಬ್ಬಿ ತರಲು ಕೆಳಗೆ ಹೋದೆ. ಚಿಕ್ಕಪ್ಪ ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಅದರ ಉಕ್ಕಿನ ಹಗ್ಗ ಒರೆಸುತ್ತಿದ್ದ. ನನ್ನ ಕೈ ಸುಮ್ಮನಿರಬೇಕಲ್ಲ. ಬೋರ್ಡಿನ ಹಿಂಬದಿ ಬೆಳ್ಳಗಿತ್ತು. ಎರಡೇ ನಿಮಿಷ ಎಂದುಕೊಂಡು ಅದನ್ನು ಬಿಚ್ಚಿ, ತಾರಸಿಯ ನೆರಳಿಗೆ ಹೋಗಿ ಗಿಡುಗನ ಚಿತ್ರ ಬರೆಯತೊಡಗಿದೆ. ಲಿಫ್ಟಿಲ್ಲವೆಂಬ ಆರನೆಯ ಮಹಡಿಯವರ ಕೂಗಾಟ ತಾಳದೆ ವಾಚ್‌ಮನ್ ಹತ್ತಿ ಬಂದ. ಬೋರ್ಡಿಲ್ಲದ ಸ್ವಿಚ್ ನೋಡಿದ, ಹಾಕಿದ. ಲಿಫ್ಟು ಜರುಗಿ, ಹಗ್ಗಕ್ಕೆ ಸಿಕ್ಕಿ ಚಿಕ್ಕಪ್ಪನ ಎರಡು ಬೆರಳು ಹೋದವು.

ಅಷ್ಟಕ್ಕೇ ನಿಂತಿದ್ದರೆ ಹುಡುಗಾಟ ಎನ್ನಬಹುದಿತ್ತು. ನಾನು ಪೆನ್ಸಿಲ್ ಗೆರೆ ಅಳಿಸಿ ಬೋರ್ಡನ್ನು ವ್ಯಾನಿನ ಸೀಟಿನ ಕೆಳಗೆ ತುರುಕಿದೆ. ಅದು ಅಲ್ಲೇ ನಿನ್ನ ಕೈಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ನೀನು, "ಹಾಕಿದ್ದೆ ಅಂತಲೇ ಅನ್ಕೊಂಡಿದ್ನಲ್ಲೋ" ಎಂದು ತಲೆ ತಗ್ಗಿಸಿದೆ. ಚಿಕ್ಕಪ್ಪ ಗೋಡೆಯ ಕಡೆ ತಿರುಗಿ, "ನಿನ್ನ ಮರೆವಿಗೆ ನನ್ನ ಬೆರಳೇ ಬೇಕಾಗಿತ್ತಾ ಅಣ್ಣ?" ಎಂದ. ನಿಮ್ಮಿಬ್ಬರ ನಡುವೆ ಅದೇ ಕೊನೆಯ ಮಾತು. ಅಂದಿನಿಂದ ನೀನು ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತೀಯ. ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಜಗ್ಗುತ್ತೀಯ. "ನಿಮ್ಮಪ್ಪನಿಗೆ ಈಗಲೇ ಅರಳುಮರಳು" ಎಂದು ಅಮ್ಮ ನಕ್ಕರೆ ನಾನೂ ನಕ್ಕಿದ್ದೇನೆ.

ಎರಡು ವರ್ಷ ಬಾಗಿಲು ಹಾಕಿಕೊಂಡು ನಾನು ಬರೆದ ಚಿತ್ರಕಾದಂಬರಿ ಆ ಗಿಡುಗನದೇ. ಊಟದ ಬಿಡುವಿನಲ್ಲಿ ನೀನು ಓದುತ್ತಿದ್ದ ಕಾಮಿಕ್ಸಿನ, ಉಕ್ಕಿನ ರೆಕ್ಕೆಯ ಅದೇ ವೀರ. ಹಳೆಯ ಕಥೆಯಲ್ಲಿ ಕಳ್ಳನೊಬ್ಬ ಗಿಡುಗನ ಅಣ್ಣನನ್ನು ಗೋಪುರದಿಂದ ಬೀಳಿಸುತ್ತಾನೆ. ಆ ಸಿಟ್ಟಿಗೆ ತಮ್ಮನಾದ ಗಿಡುಗ ರೆಕ್ಕೆ ಕಟ್ಟಿಕೊಳ್ಳುತ್ತಾನೆ. ನನ್ನ ಕಥೆಯಲ್ಲಿ ಕಳ್ಳನಿಲ್ಲ. ಗೋಪುರದ ಕಂಬಕ್ಕೆ ಕಟ್ಟಿದ್ದ ಎಚ್ಚರಿಕೆಯ ಬಾವುಟವನ್ನು ತಮ್ಮನೇ ಆಟಕ್ಕೆಂದು ಬಿಚ್ಚಿರುತ್ತಾನೆ, ಅದಿಲ್ಲದೆ ಅಣ್ಣ ಬೀಳುತ್ತಾನೆ. ತಪ್ಪು ಇನ್ನೊಬ್ಬನ ತಲೆಗೆ ಬಂದಾಗ ಬಾಯಿ ಬಿಡುವುದಿಲ್ಲ. ಯಾರಾದರೂ ಕೇಳಿಬಿಟ್ಟರೆ ಎಂಬ ಹೆದರಿಕೆಗೇ ಹಾರಲು ಕಲಿಯುತ್ತಾನೆ.

"ಕಳ್ಳನ್ನ ವಾಪಸ್ ಕರ್ಕೊಂಡು ಬಾರಮ್ಮ, ತಾನೇ ತಪ್ಪು ಮಾಡಿದ ಹೀರೋನ ಯಾರು ಓದ್ತಾರೆ?" ಎಂದು ಪುಸ್ತಕದ ಸಂಪಾದಕಿ ಫೋನಿನಲ್ಲಿ ಗೋಗರೆದರು. ಆಗಲ್ಲ ಎಂದೆ. ಮುಂದಿನ ತಿಂಗಳು ಪುಸ್ತಕ ಅಂಗಡಿಗೆ ಬರುತ್ತದೆ. ನಿನಗೆ ಈ ವಿಷಯ ಏಳನೆಯ ಪುಟದಿಂದ ಗೊತ್ತಾಗಬಾರದು, ನನ್ನಿಂದ ಗೊತ್ತಾಗಬೇಕು.

ನೀನು ಬೈದರೆ ಬೈಸಿಕೊಳ್ಳುತ್ತೇನೆ. ಏನೂ ಅನ್ನದೆ ಎದ್ದು ಒಳಗೆ ಹೋದರೆ? ಅಪ್ಪನನ್ನು ಉಳಿಸಲು ಹುಡುಗಿ ಕಥೆ ಕಟ್ಟಿದ್ದಾಳೆ ಎಂದು ಚಿಕ್ಕಪ್ಪ ಬಾಗಿಲು ಹಾಕಿಕೊಂಡರೆ? ಆದರೂ ಹೇಳದೆ ಇರಲಾರೆ.

ನಿನ್ನ ನೆನಪಿನ ಶಕ್ತಿ ಗಟ್ಟಿಯಾಗಿಯೇ ಇದೆ ಅಪ್ಪ, ಎಂದೂ ಕೈಕೊಟ್ಟಿಲ್ಲ. ನೀನು ನೆಮ್ಮದಿಯಾಗಿರು.

ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನಾನು ಚಿಕ್ಕಪ್ಪನ ಊರಿಗೆ ಹೋಗುತ್ತಿದ್ದೇನೆ.

ನಿನ್ನ ಮಗಳು