ಕೆತ್ತಿಕಲ್ಲಿನ ಏರು ಹತ್ತಿದ ಬಸ್ಸನ್ನು ಬಿಟ್ಟುಕೊಡಿ

ಗುರುಪುರ, ಜನವರಿ 1938

ಮೋಟಾರು ಬಸ್ಸುಗಳಿಗೆ ರಹದಾರಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಗುರುಪುರದಿಂದ ಮಂಗಳೂರಿನ ಹಂಪನಕಟ್ಟೆಗೆ ಓಡುತ್ತಿದ್ದ ದುಗ್ಗಪ್ಪನವರ ಬಸ್ಸನ್ನು ತಾವು ಕಳೆದ ವಾರ ಹಿಡಿದು, ರಹದಾರಿ ಕಿತ್ತುಕೊಂಡು, ತಮ್ಮ ಅಂಗಳದಲ್ಲಿ ನಿಲ್ಲಿಸಿದ್ದೀರಿ. ಅಪರಾಧವೇನೆಂದರೆ, ಎಂಜಿನ್ನಿನ ಹೊಗೆಕೊಳವೆಯನ್ನು ಅಪ್ಪಣೆಯಿಲ್ಲದೆ ಬದಲಾಯಿಸಿದ್ದು ಮತ್ತು ತಮ್ಮ ಕಚೇರಿಯ ಮುಂದೆ ಗದ್ದಲ ಮಾಡಿದ್ದು. ಇದೇ ಬಸ್ಸು ಏರು ಹತ್ತಲಾರದೆ ನಡುದಾರಿಯಲ್ಲಿ ನಿಲ್ಲುತ್ತಿದ್ದಾಗ ಯಾವ ಕಾನೂನೂ ಮುರಿದಿರಲಿಲ್ಲ. ಹತ್ತತೊಡಗಿದ ಕೂಡಲೇ ಮುರಿಯಿತು! ಇದೆಂಥ ನ್ಯಾಯ, ಸ್ವಾಮೀ?

ಹಳೆಯ ಕೊಳವೆಯ ಪರಿಚಯ ತಮಗಿರಲಾರದು. ನಾಲ್ಕು ಸಿಲಿಂಡರುಗಳ ಹೊಗೆಯೂ ಒಂದೇ ಇಕ್ಕಟ್ಟಾದ ಬೀಡುಕಬ್ಬಿಣದ ಕೊಳವೆಯಲ್ಲಿ ನುಗ್ಗಿ ಹೊರಬರಬೇಕಿತ್ತು. ಅದೂ ಬಿರುಕು ಬಿಟ್ಟು, ಅರ್ಧ ಹೊಗೆ ನಮ್ಮ ಕಾಲಡಿಯಿಂದಲೇ ಏಳುತ್ತಿತ್ತು. ಕೆತ್ತಿಕಲ್ಲಿನ ಏರಿನಲ್ಲಿ ಬಸ್ಸೂ ಕೆಮ್ಮುತ್ತಿತ್ತು, ನಾವೂ ಕೆಮ್ಮುತ್ತಿದ್ದೆವು. ಹೋದ ವರ್ಷ ನನ್ನ ಮದುವೆಯ ದಿಬ್ಬಣ ಪೇಟೆಯ ಇಗರ್ಜಿಗೆ ಹೊರಟದ್ದು ಇದರಲ್ಲೇ. ಏರಿನ ನಡುವೆ ಬಸ್ಸು ನಿಂತಿತು. "ಒಮ್ಮೆ ಇಳಿದು ದೂಡಿ ಮಾರಾಯ್ರೇ, ಇದಕ್ಕೆ ಉಸಿರು ಕಟ್ತಾ ಉಂಟು," ಎಂದರು ದುಗ್ಗಪ್ಪ. ಹೊಸ ಕೋಟಿನಲ್ಲೇ ನಾನೂ ಹೆಗಲು ಕೊಟ್ಟೆ. ಇಗರ್ಜಿ ಮುಟ್ಟಿದಾಗ ನನ್ನ ಮಾವನಾಗಲಿದ್ದವರು ಮಸಿ ಮೆತ್ತಿದ ಈ ಮುಖವನ್ನು ನೋಡಿ, "ನೀನು ಬಸ್ಸಿನ ಕ್ಲೀನರಾ? ಮದುಮಗ ಎಲ್ಲಿ?" ಎಂದು ಕೇಳಿದರು. ಅವರ ಹಿಂದೆ ನಿಂತಿದ್ದ ಮದುಮಗಳು ತೆರೆಸಾ ಬಿದ್ದು ಬಿದ್ದು ನಕ್ಕಳು. ಅವಳ ನಗು ನಿಲ್ಲುವವರೆಗೆ ಪಾದ್ರಿಗಳೇ ಕಾಯಬೇಕಾಯಿತು.

ನಗದೆ ಉಳಿದವರು ದುಗ್ಗಪ್ಪ ಒಬ್ಬರೇ. ಆ ಅವಮಾನ ಅವರನ್ನು ಕೊರೆಯುತ್ತಲೇ ಇತ್ತು. ಕಳೆದ ತಿಂಗಳು ಬಸ್ಸನ್ನು ಕಂಕನಾಡಿಯ ಮೆಕ್ಯಾನಿಕ್ ನೊರ್ಬರ್ಟನಲ್ಲಿಗೆ ಒಯ್ದರು. ನೊರ್ಬರ್ಟ್ ಬಡಾಯಿಯ ಮನುಷ್ಯ. "ನಾಲ್ಕು ಸಿಲಿಂಡರಿಗೆ ನಾಲ್ಕು ಕೊಳವೆ ಹಾಕ್ತೇನೆ, ಮುಂದೆ ಒಂದಕ್ಕೆ ಸೇರಿಸ್ತೇನೆ. ನಿಮ್ಮ ಬಸ್ಸು ಹಾರ್ತದೆ, ನೋಡಿ!" ಎಂದ. ಹಾರಲೇನೂ ಇಲ್ಲ. ಮೊದಲ ಸಲ ಬೆಸುಗೆಯೇ ಬಿಟ್ಟುಹೋಯಿತು. ಎರಡನೆಯ ಸಲ ಗಟ್ಟಿ ನಿಂತಿತು. ಅಂದು ಕೆತ್ತಿಕಲ್ಲಿನಲ್ಲಿ ಒಬ್ಬರೂ ಇಳಿಯಲಿಲ್ಲ. ಏರಿನ ತುದಿಯಲ್ಲಿ ದುಗ್ಗಪ್ಪ ಬಸ್ಸು ನಿಲ್ಲಿಸಿ, ಕೆಳಗಿಳಿದು, ದಾರಿಯನ್ನೊಮ್ಮೆ ಹಿಂತಿರುಗಿ ನೋಡಿ ಕಣ್ಣೊರೆಸಿಕೊಂಡರು. "ಎಂತ ಆಯ್ತು ದುಗ್ಗಪ್ಪಣ್ಣ?" ಎಂದೆ. "ಎಂತದೂ ಇಲ್ಲ, ಧೂಳು," ಎಂದರು.

ಗದ್ದಲವಿತ್ತು, ಒಪ್ಪುತ್ತೇನೆ. ಕೊಳವೆಯ ಕೊನೆಗೆ ಸದ್ದಡಗಿಸುವ ಡಬ್ಬಿ ಜೋಡಿಸಲು ನೊರ್ಬರ್ಟ್ ಮರೆತಿದ್ದ. ಈಗ ಡಬ್ಬಿ ಸಿದ್ಧವಾಗಿದೆ. ಆದರೆ ತಮ್ಮ ಅಂಗಳದಲ್ಲಿರುವ ಬಸ್ಸನ್ನು ಮುಟ್ಟಲು ತಮ್ಮ ಜವಾನ ಬಿಡುತ್ತಿಲ್ಲ. ಸದ್ದು ಮಾಡಬಾರದು, ಸದ್ದನ್ನು ಅಡಗಿಸಲೂ ಬಾರದು! ಇದು ಯಾವ ಕಾಯಿದೆಯ ಎಷ್ಟನೆಯ ಕಲಮು ಎಂದು ತಿಳಿಸಿದರೆ ಬಾಯಿಪಾಠ ಮಾಡುತ್ತೇನೆ.

ಬರುವ ಬುಧವಾರ ಪೇಟೆಯಲ್ಲಿ ನನ್ನ ತಂಗಿ ನೆಲ್ಲಿಯ ಮದುವೆ. ದಿಬ್ಬಣಕ್ಕೆ ಈ ಬಸ್ಸನ್ನೇ ತರುತ್ತೇನೆಂದು ಅವಳಿಗೆ ಮಾತು ಕೊಟ್ಟವನು ನಾನು. ಆದ್ದರಿಂದ ಸೋಮವಾರದೊಳಗೆ ನೊರ್ಬರ್ಟನಿಗೆ ಡಬ್ಬಿ ಜೋಡಿಸಲು ಬಿಡಿ, ತಾವೇ ಹತ್ತಿ ಕುಳಿತು ಪರೀಕ್ಷಿಸಿ, ರಹದಾರಿಯನ್ನು ಮರಳಿಸಿ. ಮದುವೆಯೂಟಕ್ಕೂ ದಯಮಾಡಿಸಿ. ಇಲ್ಲವಾದರೆ ದಿಬ್ಬಣವು ಬ್ಯಾಂಡು ಸಮೇತ ತಮ್ಮ ಕಚೇರಿಯ ಮುಂದಿನಿಂದಲೇ ನಡೆದು ಹೋಗಲಿದೆ. ಬ್ಯಾಂಡಿಗೆ ಮಾತ್ರ ನೊರ್ಬರ್ಟ್ ಯಾವ ಡಬ್ಬಿಯನ್ನೂ ಮಾಡಿಲ್ಲ.

ಇಂತಿ,
ತಂಗಿಗೆ ಮುಖ ತೋರಿಸಲಾರದೆ ಹಿಂಬಾಗಿಲಿನಿಂದ ಓಡಾಡುತ್ತಿರುವ
ರಾಫೆಲ್