ಮೂರನೇ ದಿನದ ಪಂಕ್ತಿ

ರೇಣುಕಾದೇವಿ ಮೇಡಂ ಅವರಿಗೆ ನಮಸ್ಕಾರ.

ಈಗ ಸಂಜೆ ಐದು ಗಂಟೆ. ಇಂದು ಭೀಮವ್ವನ ಮೂರನೇ ದಿನದ ಊಟವಾಯಿತು. ಹೆತ್ತವರಿಲ್ಲದ ನನ್ನನ್ನು ಸಾಕಿದವಳು ಅವಳೇ. ಅವಳಿಲ್ಲದ ಮನೆಯಲ್ಲಿ ನನಗಿನ್ನು ಜಾಗವಿಲ್ಲವೆಂದುಕೊಂಡು, ಉಂಡು ಹಾಸ್ಟೆಲ್‌ಗೆ ಹೊರಟುಬಿಡೋಣವೆಂದು, ಊಟಕ್ಕೆ ಬಂದ ಮಂದಿಯ ಜೊತೆ ಮೊದಲ ಪಂಕ್ತಿಯಲ್ಲೇ ಕುಳಿತೆ. ಮನೆ ಮುಂದಿನ ಹೊಳೆನೀರಿನ ಬೆಳಕು ಚಪ್ಪರದಲ್ಲಿ ಅಲೆಯಾಡುತ್ತಿತ್ತು. ಎಲ್ಲರೂ ನೀರೊಳಗೆ ಕುಳಿತಂತೆ ಕಾಣುತ್ತಿದ್ದರು. ಭೀಮವ್ವನ ತಮ್ಮ ಅಂಬಣ್ಣ ಮಾವ ಬಂದು ನನ್ನ ತಾಟು ಎತ್ತಿಕೊಂಡ. ಹೋಗೆಂದೇ ಹೇಳುತ್ತಿದ್ದಾನೆಂದುಕೊಂಡು ನಾನು ಎದ್ದು ಹೊರಟೆ.

"ಎಲ್ಲಿ ಹೊಂಟೀಲೇ? ಮನಿಯವ್ರು ಮೊದಲ ಉಣ್ತಾರೇನು? ಮಂದಿ ಕುಂತಾರ, ಬಡಸು!" ಎಂದು ಸಾರಿನ ಬಕೆಟ್ ನನ್ನ ಕೈಗಿಟ್ಟ.

ಕೊನೆಯ ಪಂಕ್ತಿಯಲ್ಲಿ ಮಾವನ ಪಕ್ಕ ಉಂಡೆ. ಅವಳ ಸೀರೆ ಇನ್ನೂ ಹಗ್ಗದ ಮೇಲಿದೆ, ಅದರ ನೆರಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ದಯವಿಟ್ಟು ಇನ್ನೆರಡು ದಿನ ರಜೆ ಕೊಡಿರಿ. ನಾಳೆ ಬೆಳಿಗ್ಗೆ ಮಾವನೂ ನಾನೂ ಮನೆಯ ಹರಿಗೋಲಿಗೆ ನೀರು ಸೋರದಂತೆ ಡಾಂಬರು ಹಚ್ಚಬೇಕು.

ನಿಮ್ಮ ವಿದ್ಯಾರ್ಥಿ,
ಮರಿಲಿಂಗ