ನಟ್ಟಿಗೆ ಬಳೆ ಅಳತೆ

14-11-2025, ಶುಕ್ರವಾರ, ಅಮೃತಹಳ್ಳಿ

ನಮ್ಮ ಯಜಮಾನ್ರ ಹಳೇ ಜಾವಾ ಗಾಡಿ ಸೈಲೆನ್ಸರ್ ಇವತ್ತೂ ಬಿಚ್ಚಕ್ಕಾಗಲ್ಲ ಅಂದ್ಕೊಂಡಿದ್ದೆ. ಮೊಮ್ಮಗಳು ಚೈತ್ರ ತಂದಿದ್ದ ಕೊಕ್ಕೆ ಸ್ಪ್ಯಾನರು ದೊಡ್ಡದಾಗಿ, ಸೈಲೆನ್ಸರ್ ಹಿಡಿದಿರೋ ದುಂಡು ನಟ್ಟಿನ ಕಚ್ಚಿಗೆ ಕೂರದೆ ಜಾರ್ತಿತ್ತು. ಪಾಪ, ಬೆರಳೆಲ್ಲ ತರಚಿಹೋಯ್ತು. ಕೊನೆಗೆ ಉಳಿ ಸುತ್ತಿಗೆ ಎತ್ಕೊಂಡ್ಳು.

"ಒಡೆದ್ರೆ ಆ ನಟ್ಟು ಇನ್ನೆಲ್ಲೂ ಸಿಗಲ್ಲ ಕಣೇ. ಬಳೆ ತಗೊಳ್ಳೋವಾಗ ಕೈ ಅಳತೆ ಕೊಡಲ್ವಾ? ಅಳತೆ ಇಲ್ದೆ ಅಂಗಡಿಗೆ ಹೋಗಿದ್ದು ಅದೇನು ಘನಂದಾರಿ ಕೆಲಸ?" ಅಂದೆ.

"ಹಂಗಾದ್ರೆ ನಟ್ಟಿಗೂ ಬಳೆ ತೊಡಿಸ್ಲಾ ಅಜ್ಜಿ?" ಅಂತ ಆಡ್ಕೊಂಡು ನಕ್ಳು.

ತೊಡಿಸೇ ನೋಡೋಣ ಅಂತ, ಯಜಮಾನ್ರು ತೀರಿಹೋದ ಮೇಲೆ ಕೈಯಿಂದ ತೆಗೆದು ಡಬ್ಬಿಗೆ ಹಾಕಿಟ್ಟಿದ್ದ ನನ್ನ ಹಸಿರು ಗಾಜಿನ ಬಳೆ ತಂದೆ. ನಟ್ಟಿನ ಸುತ್ತ ಒಂದ್ಚೂರೂ ಅಲ್ಲಾಡದಂಗೆ ಕೂತ್ಕೊಂತು. ಹುಡುಗಿ ನಗು ನಿಲ್ಲಿಸಿ, ಬಳೇನ ಕರ್ಚೀಫಲ್ಲಿ ಸುತ್ಕೊಂಡು ಯಶವಂತಪುರಕ್ಕೆ ಹೋಗಿ ಅದೇ ಅಳತೆ ಸ್ಪ್ಯಾನರು ತಂದ್ಳು. ಒಂದೇ ಎಳೆತಕ್ಕೆ ನಟ್ಟು ಕಿರ್ ಅಂದು ತಿರುಗ್ತು.

ಬಳೆ ಮಸಿ ಮೆತ್ಕೊಂಡು ವಾಪಸ್ ಬಂತು. ಡಬ್ಬಿಗೆ ಹಾಕೋ ಮುಂಚೆ ಸುಮ್ನೆ ಕೈಗೇರಿಸಿ ನೋಡಿದೆ. ತೆಗೆಯಕ್ಕೆ ಮನಸ್ಸು ಬರ್ತಿಲ್ಲ. ಯಾರಾದ್ರೂ ಕೇಳಿದ್ರೆ ಅಳತೆಗೆ ಹಾಕ್ಕೊಂಡಿದೀನಿ ಅಂತೀನಿ. ಆ ಗಾಡಿ ಶಬ್ದ ಇನ್ನೊಂದ್ಸಲ ಕೇಳೋವರೆಗೂ ಇರ್ಲಿ, ಆಮೇಲೆ ತೆಗೆದ್ರಾಯ್ತು.